ಇಲ್ಲಿ ದೊಡ್ಡಾಕಿ, ಅಲ್ಲಿ ಸಣ್ಣಾಕಿ

ನಾನು ಒಂದು ಕಡೆ ಕೂರುವ ಹೆಣ್ಣಲ್ಲ. ಈಗಲೂ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೂ ನನ್ನ ಊರು ಬರುವ ಮೊದಲೇ ಎದ್ದು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತೇನೆ. "ನಿನ್ನ ಕಾಲಾಗ ಏನ್ ಗಾಲಿ ಅದಾವೇನವಾ?" ಎಂದು ರಾಣೆಬೆನ್ನೂರಿನ ನಮ್ಮ ಓಣಿಯ ಹೆಂಗಸರು ಬೈಯುತ್ತಿದ್ದರು. ಇಂಥವಳನ್ನು ಹಿಡಿದು ದೇವರು ಒಂದೇ ಊರಿನಲ್ಲಿ ಕಟ್ಟಿಹಾಕಿದ್ದ. ದೇವರು ಅಂತ ಸುಮ್ಮನೆ ಅವನ ತಲೆಗೆ ಕಟ್ಟಿದೆ. ಕಟ್ಟಿಹಾಕಿದ್ದು ಕಾನೂನು.

ನಾವು ಸಿಂಧ್ ಕಡೆಯವರು. ಅಂದರೆ ಪಾಕಿಸ್ತಾನದಿಂದ ಬಂದವರು. ನನಗೆ ಆಗ ಐದು ದಾಟಿತ್ತು, ತಮ್ಮ ಇನ್ನೂ ಅಮ್ಮನ ಸೊಂಟದ ಮೇಲಿದ್ದ. ಅಮ್ಮನ ದೊಡ್ಡಪ್ಪನ ಮಗ, ನಮಗೆ ಮಾವ, ರಾಣೆಬೆನ್ನೂರಿನಲ್ಲಿ ಬಟ್ಟೆ ಅಂಗಡಿ, ಓಣಿಯವರ ಬಾಯಲ್ಲಿ ಅರಬಿ ಅಂಗಡಿ, ಇಟ್ಟಿದ್ದ. ಅವನ ಮನೆತನ ದೇಶ ಎರಡಾದಾಗಲೇ ಈ ಕಡೆ ಬಂದುಬಿಟ್ಟಿತ್ತು. ನಮ್ಮ ಬಾಬಾ, ಅಪ್ಪನನ್ನು ನಾವು ಕರೆಯುವುದು ಹಾಗೆ, ಅಷ್ಟು ವರ್ಷ ಅಲ್ಲೇ ಕಾಲ ತಳ್ಳಿ, ಆಮೇಲೆ ಒಂದು ದಿನ ನಮ್ಮನ್ನೆಲ್ಲ ಕಟ್ಟಿಕೊಂಡು ರೈಲು ಹತ್ತಿದರು. ಯಾಕೆ ಎಂದು ಪೂರ್ತಿಯಾಗಿ ಯಾರೂ ನನಗೆ ಹೇಳಿಲ್ಲ. ಕೇಳಿದರೆ ಅಮ್ಮ ಹಪ್ಪಳ ಸುಡಲು ಎದ್ದು ಹೋಗುತ್ತಿದ್ದಳು.

ಹಪ್ಪಳದ ವಿಷಯ ಬಂತು, ಹೇಳಿಬಿಡುತ್ತೇನೆ. ಮನೆಗೆ ಯಾರೇ ಬರಲಿ, ಮೊದಲು ನೀರು, ನೀರಿನ ಜೊತೆ ಸುಟ್ಟ ಹಪ್ಪಳ ಕೊಡುವುದು ನಮ್ಮವರ ಪದ್ಧತಿ. ನಮ್ಮ ವಿಚಾರಣೆಗೆಂದು ಠಾಣೆಯಿಂದ ಒಬ್ಬ ಪೊಲೀಸಪ್ಪ ಬರುತ್ತಿದ್ದ. ಮೊದಲ ಸಲ ಅಮ್ಮ ತಟ್ಟೆಯಲ್ಲಿ ಬರೀ ಹಪ್ಪಳ ತಂದಿಟ್ಟಾಗ ಆತ ತಟ್ಟೆ ನೋಡಿದ, ಅಡುಗೆಮನೆ ಕಡೆ ನೋಡಿದ, ಅನ್ನ ಸಾರು ಹಿಂದಿನಿಂದ ಬರಬಹುದೆಂದು ಕಾದ. ಏನೂ ಬರಲಿಲ್ಲ. "ಇದೇನ್ರಿ, ಊಟ ಮುಗದ ಮ್ಯಾಲೆ ಕರದಂಗಾತಲ್ರಿ!" ಎಂದು ನಕ್ಕ. ಆದರೂ ತಿಂದ. ಆಮೇಲಾಮೇಲೆ ಸೈಕಲ್ ಸ್ಟ್ಯಾಂಡ್ ಹಾಕುವಾಗಲೇ "ಹಪ್ಪಳ ಸುಡವಾ ಯಕ್ಕಾ" ಎಂದು ಕೂಗುತ್ತಿದ್ದ. ನಮ್ಮ ಮನೆಗೆ ಸರ್ಕಾರ ಅಂದರೆ ಆ ಪೊಲೀಸಪ್ಪನೇ.

ನಮ್ಮ ವೀಸಾದಲ್ಲಿ ಬರೆದಿದ್ದು ಒಂದೇ ಊರು, ರಾಣೆಬೆನ್ನೂರು. ನವೀಕರಣಕ್ಕೆ ಹಾವೇರಿಗೆ ಹೋಗಬಹುದು, ಹೋಗಲೇಬೇಕು. ಅದು ಬಿಟ್ಟು ಬ್ಯಾಡಗಿಗೆ ಹೋಗಬೇಕಾದರೂ ಮುಂಚೆ ಅರ್ಜಿ ಕೊಟ್ಟು ಅನುಮತಿ ತೆಗೆದುಕೊಳ್ಳಬೇಕು. ಬ್ಯಾಡಗಿ ಎಂದರೆ ಎಷ್ಟು ದೂರ? ಬಸ್ಸಿನಲ್ಲಿ ಕೂತು ಒಂದು ಪೊಟ್ಟಣ ಶೇಂಗಾ ಮುಗಿಸುವುದರೊಳಗೆ ಬರುವ ಊರು. ಶಾಲೆಯವರು ಗಳಗನಾಥಕ್ಕೆ ಪ್ರವಾಸ ಹೋದಾಗ ಅನುಮತಿ ಸಕಾಲಕ್ಕೆ ಬರಲಿಲ್ಲ, ನಾನು ಮನೆಯಲ್ಲೇ ಉಳಿದೆ. ಮರುದಿನ ಗೆಳತಿಯರು ಸಮಾಧಾನ ಮಾಡಿದರು. "ಏನಿಲ್ಲ ಬಿಡಲೇ, ಒಂದು ಗುಡಿ ಐತಿ, ಎರಡು ಹೊಳಿ ಕೂಡ್ತಾವ, ಅಷ್ಟ." ಏನೂ ಇಲ್ಲದ ಊರಿಗೂ ಹೋಗಲಾಗದವಳ ಹೊಟ್ಟೆಯುರಿ ಅವರಿಗೆ ಹೇಗೆ ಗೊತ್ತಾಗಬೇಕು? ನಾನು ಆ ದಿನ ಇಬ್ಬರ ಜಡೆ ಎಳೆದು ಹೊಡೆತ ತಿಂದೆ.

ಭಾಷೆಯ ತೊಂದರೆ ಮಾತ್ರ ನನಗೆ ಬರಲೇ ಇಲ್ಲ. ಒಂದು ಮಳೆಗಾಲ ಕಳೆಯುವುದರೊಳಗೆ ಓಣಿಯ ಕನ್ನಡ ಬಾಯಿಗೆ ಬಂದಿತ್ತು. ಮನೆಯಲ್ಲಿ ಸಿಂಧಿ ಆಡಿದರೂ ನಾನು ತಮ್ಮ ಜಗಳ ಆಡುವುದು ಕನ್ನಡದಲ್ಲೇ. ಜಗಳಕ್ಕೆ ರಾಣೆಬೆನ್ನೂರಿನ ಕನ್ನಡದಂಥ ಭಾಷೆ ಇನ್ನೊಂದಿಲ್ಲ ಬಿಡಿ.

ಶಾಲೆಗೆ ಸೇರಿಸಿದ ದಿನದ ಮಾತು ಇಲ್ಲಿ ಹೇಳಲೇಬೇಕು. ನಾನು ಹುಟ್ಟಿದ್ದು ಹಳ್ಳಿಯಲ್ಲಿ, ಮನೆಯಲ್ಲಿ, ಮಾಗಿಯ ಚಳಿಯಲ್ಲಿ. ಅಮ್ಮನ ಪಾಸ್‌ಪೋರ್ಟಿನಲ್ಲಿ ನನ್ನ ಹೆಸರಿನ ಮುಂದೆ ಇಸವಿ ಮಾತ್ರ ಇತ್ತು, ತಿಂಗಳು ತಾರೀಖು ಇರಲಿಲ್ಲ. ಡಿಸೆಂಬರ್ ಎಂದು ಮಾವ ಹೇಳಿದಾಗ ಹೆಡ್‌ಮಾಸ್ತರರು ತಲೆ ಅಲ್ಲಾಡಿಸಿದರು. "ಡಿಸೆಂಬರ್ ಅಂದ್ರ ಈ ವರ್ಷ ಸೇರಸಾಕ ಬರಂಗಿಲ್ರಿ. ಹುಡುಗಿ ನೋಡಿದ್ರ ಚುರುಕ ಐತಿ, ಸುಮ್ನ ಒಂದು ವರ್ಷ ಯಾಕ ಹಾಳ ಮಾಡ್ತೀರಿ?" ಎಂದು ಹೇಳಿ, ಅದೇ ಇಸವಿಯ ಜೂನ್ ಒಂದು ಎಂದು ಬರೆದುಕೊಂಡರು. ಅವರು ಹೊಸದೇನೂ ಮಾಡಲಿಲ್ಲ. ನಮ್ಮ ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಕ್ಕಳು ಜೂನ್ ಒಂದರಂದೇ ಹುಟ್ಟಿದ್ದರು. ಎರಡು ವರ್ಷದ ನಂತರ ಶಾಲೆಗೆ ಸೇರಿದ ನನ್ನ ತಮ್ಮನೂ ಅದೇ ತಾರೀಖಿಗೆ ಹುಟ್ಟಿದ. ಊರಿಗೆ ಊರೇ ಹೀಗೆ ಒಂದೇ ದಿನ ಹುಟ್ಟಿ ದೊಡ್ಡದಾಗಿ ಬಾಳುವೆ ಮಾಡುತ್ತಿತ್ತು, ಯಾರಿಗೂ ಏನೂ ನಷ್ಟವಾಗಿರಲಿಲ್ಲ.

ಹೈಸ್ಕೂಲಿಗೆ ಬಂದಾಗ ನನಗೊಂದು ಹುಚ್ಚು ಹತ್ತಿತು. ನಮ್ಮ ಕಡೆ ಬೀಜದ ಬೆಳೆ ಜಾಸ್ತಿ. ದೇವರಗುಡ್ಡದ ದಾರಿಯಲ್ಲಿ, ನಮ್ಮ ಊರ ಎಲ್ಲೆಯೊಳಗೇ, ಗೆಳತಿಯೊಬ್ಬಳ ಹೊಲವಿತ್ತು, ಅಲ್ಲಿ ಹತ್ತಿಯ ಕ್ರಾಸಿಂಗ್ ನಡೆಯುತ್ತಿತ್ತು. ಸಂಜೆ ಹೊತ್ತು ಹೊಲದೊಳಗೆ ಹೊಕ್ಕು, ಮರುದಿನ ಅರಳುವ ಮೊಗ್ಗು ಯಾವುದೆಂದು ಗುರುತು ಹಿಡಿದು, ಹೆಬ್ಬೆರಳ ಉಗುರಿನಿಂದ ಎಸಳನ್ನೂ ಗಂಡು ಕೇಸರವನ್ನೂ ಬಿಡಿಸಿ, ಉಳಿದ ಹೆಣ್ಣಿನ ಭಾಗಕ್ಕೆ ಕೆಂಪು ಕಾಗದದ ಟೋಪಿ ತೊಡಿಸಬೇಕು. ಬೆಳಿಗ್ಗೆ ಬೇರೆ ತಳಿಯ ಗಂಡು ಹೂವು ತಂದು ಅದಕ್ಕೆ ಮುಟ್ಟಿಸಬೇಕು. ಶನಿವಾರ ಭಾನುವಾರ ನಾನು ಅಲ್ಲೇ ಬಿದ್ದಿರುತ್ತಿದ್ದೆ. "ಅಯ್ಯ, ಅರಬಿ ಅಂಗಡಿಯವರ ಹುಡುಗಿ ಕೈ ನೋಡ್ರೇ, ಮೊಗ್ಗಿಗೆ ನೋವಾಗದಂಗ ತಗೀತಾಳ!" ಎಂದು ಗೆಳತಿಯ ಅವ್ವ ಹೊಗಳಿದಾಗ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಇದನ್ನೇ ಓದಬೇಕು, ಧಾರವಾಡಕ್ಕೆ ಹೋಗಿ ಬಿ.ಎಸ್‌ಸಿ. ಅಗ್ರಿ ಮಾಡಬೇಕು, ನನ್ನದೇ ಒಂದು ತಳಿ ತೆಗೆಯಬೇಕು ಎಂದು ಅಂದೇ ಗಟ್ಟಿ ಮಾಡಿಕೊಂಡೆ. ಅಲ್ಲಿಂದ ಮುಂದೆ ನನಗೆ ಬೇಕಾಗಿದ್ದು ಅದೊಂದೇ.

ಪಿಯುಸಿ ಎರಡನೇ ವರ್ಷದಲ್ಲಿ ಎಲ್ಲರೂ ಸಿಇಟಿ ಅರ್ಜಿ ತಂದರು. ನಮ್ಮ ಬಯಾಲಜಿ ಲೆಕ್ಚರರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ಇದಕ್ಕ ಭಾರತೀಯರ ಆಗಿರಬೇಕವಾ. ಅರ್ಜಿ ಹಾಕಿ ತಿರಸ್ಕಾರ ಮಾಡಿಸಿಕೋಬ್ಯಾಡ. ನಿಮ್ಮ ಪೌರತ್ವದ ಫೈಲು ಹೋಗೇತಿ ಅಂತೀಯಲ್ಲ, ಬರಲಿ. ಬರೋ ವರ್ಷ ಬರಿ. ನಿನ್ನ ಬುದ್ಧಿ ಎಲ್ಲಿ ಓಡಿ ಹೋಗತೈತಿ?" ನಾನು ಒಪ್ಪಿದೆ. ಫೈಲು ಖರೇನೇ ಹೋಗಿತ್ತು. ಬಾಬಾ, ಅಮ್ಮ, ಅವರ ಜೊತೆ ಅಪ್ರಾಪ್ತ ಮಕ್ಕಳು ಎಂದು ನಾನು ಮತ್ತು ತಮ್ಮ. ಹಾವೇರಿಯಿಂದ ಬೆಂಗಳೂರಿಗೆ, ಅಲ್ಲಿಂದ ದಿಲ್ಲಿಗೆ. ಬೆಂಗಳೂರು, ದಿಲ್ಲಿ ಎರಡಕ್ಕೂ ನನಗಿಂತ ಮೊದಲು ನನ್ನ ಫೈಲೇ ಹೋಯಿತು.

ಆ ಶ್ರಾವಣದಲ್ಲಿ ಪೊಲೀಸಪ್ಪ ಸೈಕಲ್ಲಿನಿಂದ ಇಳಿಯದೆಯೇ ಕೂಗಿದ. "ಯಕ್ಕಾ, ಇವತ್ತ ಹಪ್ಪಳ ಬ್ಯಾಡ, ಸಕ್ರಿ ಕೊಡು! ನಿಮ್ಮದು ಆತು!" ಅಮ್ಮ ಬಾಗಿಲಲ್ಲೇ ಕುಸಿದು ಕೂತು ಅತ್ತಳು. ನಾನು ಓಣಿ ತುಂಬ ಓಡಾಡಿದೆ. ಅವತ್ತು ಸಂಜೆ ಯಾವ್ಯಾವ ಊರಿಗೆ ಹೋಗಬೇಕು ಎಂದು ತಮ್ಮನಿಗೆ ಹೇಳುತ್ತಾ ಹೋದೆ, ಅವನು ನಿದ್ದೆ ಹೋದ, ನಾನು ಹೇಳುತ್ತಲೇ ಇದ್ದೆ.

ಎರಡು ದಿನ ಬಿಟ್ಟು ನಾಲ್ವರೂ ಹೊಸ ಬಟ್ಟೆ ಹಾಕಿಕೊಂಡು ಹಾವೇರಿಯ ಕಚೇರಿಗೆ ಹೋದೆವು. ಅಲ್ಲಿದ್ದ ಸಾಹೇಬರು ಒಳ್ಳೆಯವರು, ಕೂರಿಸಿ ಮಾತಾಡಿದರು. ಬಾಬಾನ ಹೆಸರು ಓದಿದರು, ಅಮ್ಮನದು ಓದಿದರು, ತಮ್ಮನದು ಓದಿದರು. ಆಮೇಲೆ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಎತ್ತಿ ನೋಡಿದರು, ಗೋಡೆಯ ಕ್ಯಾಲೆಂಡರ್ ನೋಡಿದರು. "ಈಕಿಗೆ ಜೂನ್ ಒಂದಕ್ಕ ಹದಿನೆಂಟು ತುಂಬೇತಲ್ರಿ," ಎಂದರು. "ಹದಿನೆಂಟು ತುಂಬಿದ ಮ್ಯಾಲೆ ತಂದಿ ತಾಯಿ ಜೋಡಿ ಬರಂಗಿಲ್ಲ. ಈಕಿ ಬ್ಯಾರೆ ಅರ್ಜಿ ಹಾಕಬೇಕು. ಮೊದಲಿಂದ."

ನನಗೆ ತುಂಬಿರಲಿಲ್ಲ! ಡಿಸೆಂಬರ್ ಇನ್ನೂ ದೂರವಿತ್ತು! ನಾನು ಕುರ್ಚಿಯಿಂದ ಎದ್ದು ನಿಂತು ಕೂಗಾಡಿದೆ. ಅಮ್ಮ ತನ್ನ ಹರುಕು ಕನ್ನಡದಲ್ಲಿ "ಚಳಿ, ಸಾಹೇಬ್ರ, ಭಾಳ ಚಳಿ, ಬೆಂಕಿ ಹಾಕೇವಿ, ಆವಾಗ ಹುಟ್ಟೇತಿ" ಎಂದು ಕೈ ಮುಗಿದಳು. ಸಾಹೇಬರು ಅಮ್ಮನ ಮಾತನ್ನು ನಂಬಿದರು, ಅದು ಮುಖದಲ್ಲೇ ಕಾಣುತ್ತಿತ್ತು. ಆದರೆ ಚಳಿಯನ್ನು ತಂದು ಮೇಜಿನ ಮೇಲೆ ಇಡಲು ಬರುವುದಿಲ್ಲವಲ್ಲ.

ಹೆಡ್‌ಮಾಸ್ತರರು ಆಗ ನಿವೃತ್ತರಾಗಿ ತಮ್ಮ ಊರು ಅಗಡಿಯಲ್ಲಿದ್ದರು. ಅಗಡಿ ಹಾವೇರಿಗೆ ಹತ್ತಿರವೇ, ಆದರೆ ನಮ್ಮ ವೀಸಾದಲ್ಲಿ ಅಗಡಿ ಇಲ್ಲ. ಮಾವ ಹೋಗಿ ಅವರನ್ನು ಕರೆದುಕೊಂಡು ಬಂದ. ಮುದುಕರು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಸ್ಸಿಳಿದು, ನೇರ ಸಾಹೇಬರ ಮುಂದೆ ನಿಂತು ಎದೆ ಮುಟ್ಟಿಕೊಂಡರು. "ತಪ್ಪು ನಂದ್ರಿ. ನಾನ ಬರದೇನಿ. ಹುಡುಗಿಗೆ ಒಂದು ವರ್ಷ ಉಳೀಲಿ ಅಂತ ಬರದೇನಿ. ನನ್ನ ಸ್ವಂತ ಮಕ್ಕಳಿಗೂ ಹಂಗ ಬರದೇನಿ. ಬೇಕಾದ್ರ ನನಗ ಏನ್ ಶಿಕ್ಷಾ ಕೊಡ್ತೀರೋ ಕೊಡ್ರಿ."

ಸಾಹೇಬರು ಎದ್ದು ಅವರನ್ನು ಕೈ ಹಿಡಿದು ಕೂರಿಸಿದರು. "ಮಾಸ್ತರ್ರ, ಯಾರಿಗೆ ಶಿಕ್ಷಾ ಕೊಡೂಣ್ರಿ? ನಂದೂ ಜೂನ್ ಒಂದ ಐತಿ," ಎಂದರು. ಪಕ್ಕದ ಮೇಜಿನ ಗುಮಾಸ್ತ ತಲೆ ತಗ್ಗಿಸಿಕೊಂಡೇ "ನಂದೂ ರೀ," ಎಂದ. ಬಾಗಿಲಲ್ಲಿ ನಿಂತಿದ್ದ ಜವಾನನೂ ನಕ್ಕ. ನಾವೂ ನಕ್ಕೆವು, ಏನು ಮಾಡುವುದು, ನಗು ಬಂತು. ಆಮೇಲೆ ಸಾಹೇಬರು ವಿವರಿಸಿದರು. ಅಂಕಪಟ್ಟಿಯ ತಾರೀಖು ತಿದ್ದಲು ಕೋರ್ಟಿಗೆ ಹೋಗಬೇಕು, ಕೋರ್ಟು ಒಂದೆರಡು ವರ್ಷ ತೆಗೆದುಕೊಳ್ಳುತ್ತದೆ, ಅಷ್ಟೊತ್ತಿಗೆ ನನ್ನ ಖರೇ ಡಿಸೆಂಬರೂ ಬಂದು ಹೋಗಿರುತ್ತದೆ. ಮಾಸ್ತರರು ಹೊರಗೆ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು, "ನಿನಗ ಛಲೋ ಮಾಡೇನಿ ಅಂತ ತಿಳಕೊಂಡಿದ್ದೆನವಾ," ಎಂದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು, ಯಾರ ಮೇಲಾದರೂ ಸಿಟ್ಟು ಬೇಕಾಗಿತ್ತು.

ಸಿಟ್ಟು ಮನೆಯಲ್ಲಿ ಹೊರಬಂತು. ಬಾಬಾ ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿದರು, ಒಬ್ಬಳನ್ನು ಬಿಟ್ಟು ನಾವು ಪೌರತ್ವದ ಪ್ರಮಾಣ ಮಾಡುವುದು ಬೇಡ, ಈಕೆಯದೂ ಬರಲಿ, ನಾಲ್ವರೂ ಕೂಡಿಯೇ ಆಗೋಣ. ಅಮ್ಮ ತಲೆಯಾಡಿಸಿದಳು. ಹೊಸಿಲು ದಾಟುವಾಗ ಎಲ್ಲರೂ ಕೂಡಿ ದಾಟಿದ್ದೇವೆ ಎಂದಳು.

"ಹುಚ್ಚು ಹಿಡದೈತೇನ್ ನಿಮಗ?" ಎಂದು ನಾನು ತಟ್ಟೆ ದೂಡಿದೆ. ಅಪ್ಪ ಅಮ್ಮನ ಜೊತೆ ಕನ್ನಡದಲ್ಲಿ ಜಗಳವಾಡಿದ್ದು ಅದೇ ಮೊದಲು. "ನಂದು ಬರಾಕ ಎಷ್ಟು ವರ್ಷ ಆಗತೈತೋ ಯಾರಿಗೆ ಗೊತ್ತೈತಿ? ಇವನಿಗೆ ಈಗ ಹದಿನಾರು. ನನ್ನ ದಾರಿ ಕಾಯ್ಕೊಂತ ಕುಂತ್ರ ಇವನೂ ಹದಿನೆಂಟು ದಾಟತಾನ. ಆಮೇಲೆ ಇಬ್ಬರೂ ಹೊರಗ ಬೀಳ್ತೀವಿ. ಒಬ್ಬರಾದ್ರೂ ಒಳಗ ಹೋಗ್ರೋ!" ತಮ್ಮ ರೊಟ್ಟಿ ಕೈಯಲ್ಲಿ ಹಿಡಿದು ನಮ್ಮ ಮುಖ ನೋಡುತ್ತಿದ್ದ. ಅವನಿಗೆ ಆ ವಯಸ್ಸಿನಲ್ಲಿ ಕ್ರಿಕೆಟ್ ಬಿಟ್ಟು ಬೇರೆ ದೇಶ ಗೊತ್ತಿರಲಿಲ್ಲ. ನಾನು ಹೇಳಿದ್ದು ಸರಿಯೆಂದು ಬಾಬಾಗೆ ಗೊತ್ತಿತ್ತು, ನಾನು ದೂಡಿದ ತಟ್ಟೆಯನ್ನು ಮತ್ತೆ ನನ್ನ ಮುಂದೆ ಸರಿಸಿದರು. ನಿಜ ಹೇಳಬೇಕೆಂದರೆ, ಬೇಡ, ನಿನ್ನನ್ನು ಬಿಟ್ಟು ಹೋಗುವುದಿಲ್ಲ ಎಂದು ಅವರು ಇನ್ನೊಂದು ಸಲ ಅನ್ನಲಿ ಎಂದು ನನ್ನ ಹೊಟ್ಟೆಯೊಳಗೆ ಆಸೆಯಿತ್ತು. ಅನ್ನಲಿಲ್ಲ.

ದಸರೆಯ ಹೊತ್ತಿಗೆ ಹಾವೇರಿಯಲ್ಲಿ ಅವರ ಪ್ರಮಾಣವಾಯಿತು. ನಾನು ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದೆ. ಒಳಗೆ ಹೋಗಬೇಡ ಎಂದು ಯಾರೂ ಅಂದಿರಲಿಲ್ಲ, ನಾನೇ ಹೋಗಲಿಲ್ಲ. ಮೂವರೂ ಹೊರಗೆ ಬಂದಾಗ ಅಮ್ಮ ನನ್ನನ್ನು ನೋಡಿ, ನಿನ್ನನ್ನು ಹೊರಗೆ ಬಿಟ್ಟು ನಾವು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡೆವೇನೋ ಅನ್ನಿಸುತ್ತಿದೆ, ಎಂದು ಸಿಂಧಿಯಲ್ಲಿ ಹೇಳಿ ನನ್ನ ಕೈ ಹಿಡಿದುಕೊಂಡಳು. ಬಸ್ಸಿನಲ್ಲಿ ಇಡೀ ದಾರಿ ಬಿಡಲಿಲ್ಲ. ನನಗೆ ಅವಳ ಕೈಯ ಬೆವರು ಕಿರಿಕಿರಿಯಾಗುತ್ತಿತ್ತು.

ಇನ್ನು ನನ್ನ ಒಂಟಿ ಅರ್ಜಿ. ಅದಕ್ಕೆ ಹಳೆಯ ದೇಶವನ್ನು ಬಿಟ್ಟಿದ್ದೇನೆ ಎಂದು ಆ ದೇಶದವರಿಂದಲೇ ಒಂದು ಕಾಗದ ಬೇಕು. ಬಿಡುವುದೇನು, ನನಗೆ ಅಲ್ಲಿಯದು ಒಂದು ಬೇವಿನ ಮರವೂ ಸರಿಯಾಗಿ ನೆನಪಿಲ್ಲ! ಮಾವ ದಿಲ್ಲಿಯಲ್ಲಿರುವ ಆ ದೇಶದ ಕಚೇರಿಗೆ ಬರೆದ, ತಾನೇ ಒಮ್ಮೆ ಹೋಗಿ ಬಂದ. ಬಂದವನು ಚಪ್ಪಲಿ ಬಿಡದೆ ಪಡಸಾಲೆಯಲ್ಲಿ ನಿಂತು ನಗಲಾರದೆ ಅಳಲಾರದೆ ಹೇಳಿದ. ಆ ದೇಶದ ಕಾನೂನಿನಲ್ಲಿ ಇಪ್ಪತ್ತೊಂದು ತುಂಬುವ ತನಕ ಮಗು. ಮಗು ತನ್ನ ದೇಶವನ್ನು ತಾನೇ ಬಿಡಲು ಬರುವುದಿಲ್ಲ. ಅಪ್ಪ ಸಹಿ ಹಾಕಲಿ ಎಂದರೆ ಅಪ್ಪ ಈಗ ಆ ದೇಶದವನೇ ಅಲ್ಲ.

ಪೊಲೀಸಪ್ಪ ಇದನ್ನು ಕೇಳಿ ಹಪ್ಪಳ ಅರ್ಧಕ್ಕೇ ಬಿಟ್ಟ. "ತಡೀರಿ, ನನಗ ತಿಳೀಲಿ. ಇಲ್ಲಿ ಈಕಿ ದೊಡ್ಡಾಕಿ, ಅದಕ್ಕ ಅವ್ವ ಅಪ್ಪನ ಜೋಡಿ ಬರಂಗಿಲ್ಲ. ಅಲ್ಲಿ ಈಕಿ ಸಣ್ಣಾಕಿ, ಅದಕ್ಕ ಒಬ್ಬಾಕಿನ ಬರಂಗಿಲ್ಲ. ಹಂಗಂದ್ರ ಈಗ ಈಕಿ ಯಾರು?" ಅಮ್ಮ ಆತನ ಲೋಟಕ್ಕೆ ಮತ್ತೆ ನೀರು ಹಾಕಿದಳು. "ದೇವರು ವರ ಕೊಟ್ರೂ ಪೂಜಾರಿ ಕೊಡವಲ್ಲ," ಎಂದು ಗೊಣಗಿಕೊಂಡು ಎದ್ದ. ನಮ್ಮ ಪಾಲಿಗೆ ಪೂಜಾರಿಗಳೇ ಇಬ್ಬರು.

ಆ ವರ್ಷಗಳನ್ನು ಹೇಗೆ ಕಳೆದೆ ಎಂದು ಕೇಳಬೇಡಿ. ಪದವಿ ಕಾಲೇಜಿಗೆ ಸೇರಬೇಕೆಂದರೆ ವಿದೇಶಿ ವಿದ್ಯಾರ್ಥಿಯ ಲೆಕ್ಕ, ಅದಕ್ಕೆ ಬೇರೆ ಅನುಮತಿ, ಬೇರೆ ಫೀ. ಮನೆಯಲ್ಲಿ ನಾನೊಬ್ಬಳೇ ವಿದೇಶಿ. ಓಣಿಯ ಹೆಂಗಸರು "ಮದುವಿ ಮಾಡಿಬಿಡ್ರಿ, ಎಲ್ಲಾ ಸುದ್ದ ಆಗತೈತಿ" ಎಂದರು. ವಿಚಾರಿಸಿದರೆ ಅದಕ್ಕೂ ವರ್ಷಗಟ್ಟಲೆ ಕಾಯುವ ನಿಯಮವಿತ್ತು. ಗಂಡನ ಮನೆಯಲ್ಲಿ ಕಾಯುವುದಕ್ಕಿಂತ ನನ್ನ ಮನೆಯಲ್ಲೇ ಕಾಯುತ್ತೇನೆ ಎಂದು ಬಾಗಿಲು ಹಾಕಿಕೊಂಡೆ. ಸಂಜೆಯಾದರೆ ದೇವರಗುಡ್ಡದ ದಾರಿಯ ಹೊಲಕ್ಕೆ ಹೋಗಿ ಕ್ರಾಸಿಂಗ್ ಮಾಡುತ್ತಿದ್ದೆ. ಹೊತ್ತು ಮೀರಿ ತಾನೇ ಅರಳಿದ ಹೂವನ್ನು ಕಿತ್ತು ಎಸೆಯಬೇಕು, ಅದರ ಬೀಜ ಕೆಲಸಕ್ಕೆ ಬರುವುದಿಲ್ಲ. ಮೊದಲು ಅದು ಬರೀ ಕೆಲಸವಾಗಿತ್ತು. ಈಗ ಒಂದೊಂದು ಹೂವು ಎಸೆಯುವಾಗಲೂ ಕೈ ತಡೆಯುತ್ತಿತ್ತು. "ಯಾಕ ಹೂವಿನ ಮಾರಿ ನೋಡಕೊಂತ ನಿಂತಿ?" ಎಂದು ಗೆಳತಿಯ ಅವ್ವ ಬೈದರೆ ಅವರ ಮೇಲೇ ಹರಿಹಾಯುತ್ತಿದ್ದೆ.

ಒಂದು ಫೆಬ್ರವರಿಯ ಬೆಳಿಗ್ಗೆ ತರಕಾರಿಗೆಂದು ಹೊರಟವಳು ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಡಗಿ ಬಸ್ಸು ಕಂಡು ಹತ್ತಿಬಿಟ್ಟೆ. ಅರ್ಜಿ ಇಲ್ಲ, ಅನುಮತಿ ಇಲ್ಲ, ಕೈಯಲ್ಲಿ ಖಾಲಿ ಚೀಲ. ಸಿಕ್ಕಿಬಿದ್ದರೆ ಫೈಲಿಗೆ ಕಲ್ಲು ಬೀಳುತ್ತದೆ ಎಂದು ಗೊತ್ತಿತ್ತು. ಗೊತ್ತಿದ್ದೂ ಹತ್ತಿದೆ, ತಲೆ ಅಷ್ಟು ಕೆಟ್ಟಿತ್ತು. ಬ್ಯಾಡಗಿಯಲ್ಲಿ ಇಳಿದ ಕೂಡಲೇ ಮೆಣಸಿನಕಾಯಿಯ ಘಾಟಿಗೆ ಸೀನು ಹತ್ತಿತು, ಕಣ್ಣು ಮೂಗು ಒಂದಾಯಿತು. ಒಂದು ಶೆಡ್ಡಿನ ನೆರಳಲ್ಲಿ ಹೆಂಗಸರು ಮುಖಕ್ಕೆ ಸೆರಗು ಕಟ್ಟಿಕೊಂಡು ಕಾಯಿಯ ತೊಟ್ಟು ಮುರಿಯುತ್ತಿದ್ದರು. ಒಬ್ಬಾಕೆ ನನ್ನನ್ನು ನೋಡಿ ನಕ್ಕು, "ಹೊಸದಾಗಿ ಬಂದೀ ಏನ? ಮಾರಿಗೆ ಅರಬಿ ಕಟ್ಟಿಕೋ, ಕುಂದ್ರು ಬಾ. ಯಾವೂರವಾ ನಿಂದು?" ಎಂದಳು. "ರಾಣೆಬೆನ್ನೂರು ರೀ," ಎಂದೆ. "ಹೌದ? ನನ್ನ ಮಗಳನ್ನ ಅಲ್ಲೇ ಕೊಟ್ಟೇನಿ," ಎಂದು ಬುಟ್ಟಿ ಸರಿಸಿ ಜಾಗ ಮಾಡಿಕೊಟ್ಟಳು.

ಅಷ್ಟೇ. ಮುಂದಿನ ಪ್ರಶ್ನೆ ಬರಲಿಲ್ಲ. ಅದಕ್ಕಿಂತ ಮೊದಲು ಎಲ್ಲಿದ್ದಿರಿ, ಎಂದು ಬಂದಿರಿ, ಎಂದು ಹೋಗುತ್ತೀರಿ, ಯಾವುದೂ ಇಲ್ಲ. ನಾನು ಮಧ್ಯಾಹ್ನದ ತನಕ ಅಲ್ಲೇ ಕೂತು ತೊಟ್ಟು ಮುರಿದೆ, ಅವರ ಬುತ್ತಿಯ ರೊಟ್ಟಿ ತಿಂದೆ, ಸೀನುತ್ತಾ ಮನೆಗೆ ಬಂದೆ. ಬೆರಳು ಉರಿಯುತ್ತಿದ್ದವು. ಅಮ್ಮ ಬಾಗಿಲಲ್ಲೇ ನನ್ನ ಬಟ್ಟೆ ಮೂಸಿ ನೋಡಿ ಎಲ್ಲಿಗೆ ಹೋಗಿದ್ದೆ ಎಂದು ತಿಳಿದುಕೊಂಡಳು. ಹೊಡೆಯುತ್ತಾಳೆ ಎಂದುಕೊಂಡೆ. ಎಣ್ಣೆ ತಂದು ಬೆರಳಿಗೆ ಹಚ್ಚಿದಳು, ಬಾಬಾಗೆ ಹೇಳಲಿಲ್ಲ.

ಇತ್ತ ತಮ್ಮ ಪಿಯುಸಿ ಮುಗಿಸಿದ. ಸಿಇಟಿ ಅರ್ಜಿ ತಂದು ಟೇಬಲ್ ಮೇಲಿಟ್ಟು, ಎಷ್ಟೋ ದಿನ ಹಾಗೇ ಬಿಟ್ಟ. ನಾನೇ ಬೆನ್ನು ಹತ್ತಿ ತುಂಬಿಸಿದೆ, ನನ್ನ ಪುಸ್ತಕ ತೆಗೆದು ನಾನೇ ಪಾಠ ಹೇಳಿದೆ. ಅವನಿಗೆ ಸಿಕ್ಕಿದ್ದು ಏನು ಗೊತ್ತೇ? ಧಾರವಾಡದಲ್ಲಿ ಅಗ್ರಿ ಸೀಟು. ಜೋಳದ ಸಸಿಗೂ ಕಬ್ಬಿನ ಸಸಿಗೂ ವ್ಯತ್ಯಾಸ ಗೊತ್ತಿಲ್ಲದ ಹುಡುಗ! ನನ್ನ ಎದುರು ಬಂದು ಕೂತು, "ಅಕ್ಕಾ, ನೀ ಹೂಂ ಅಂದ್ರ ಹೋಗ್ತೇನಿ, ಇಲ್ಲಂದ್ರ ಬಿಡ್ತೇನಿ," ಎಂದ. "ಬಿಟ್ಟರ ಅದು ನನಗ ಬರತೈತೇನೋ ಹುಚ್ಚಾ?" ಎಂದೆ. ಅವನನ್ನು ಬಸ್ಸು ಹತ್ತಿಸಿ ಬಂದು, ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅವನ ಮೇಲೆ ಹೊಟ್ಟೆಕಿಚ್ಚು ಬಂದಿತ್ತು. ಬರಬಾರದಿತ್ತು, ಆದರೆ ಬಂದಿತ್ತು, ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದೇನೆ.

ಇಪ್ಪತ್ತೊಂದು ತುಂಬಿತು, ಆ ಕಡೆಯ ಕಾಗದ ಬಂತು. ಆಮೇಲೆ ಈ ಕಡೆಯ ಫೈಲು ಮತ್ತೆ ಹಾವೇರಿ, ಬೆಂಗಳೂರು, ದಿಲ್ಲಿ ಸುತ್ತಿತು. ನನ್ನ ಪ್ರಮಾಣಪತ್ರ ಕೈಗೆ ಬಂದಾಗ ನಾನು ಇಪ್ಪತ್ಮೂರರ ಹೊಸಿಲಲ್ಲಿದ್ದೆ. ಹಾವೇರಿಯಲ್ಲಿ ಸಾಹೇಬರು ಬದಲಾಗಿದ್ದರು. ಹೊಸಬರು ಕೈಕುಲುಕಿ, "ಪುಣ್ಯವಂತಿ ನೀವು. ಭಾಳ ಮಂದಿಗೆ ಮುದುಕರಾದ ಮ್ಯಾಲೆ ಸಿಗತೈತಿ. ನಿಮಗ ಇನ್ನೂ ವಯಸ್ಸೈತಿ," ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಹೂಂ ಎಂದೆ.

ಅದೇ ಬೇಸಿಗೆಯಲ್ಲಿ ಸಿಇಟಿಗೆ ಕೂತೆ. ಅಮ್ಮ ಬೇಡ ಎಂದಳು, ಬಾಬಾ ಅರ್ಜಿಯ ದುಡ್ಡು ಎಣಿಸಿ ಕೊಟ್ಟರು. ತಮ್ಮ ಧಾರವಾಡದಿಂದ ರಜೆ ಹಾಕಿ ಬಂದು, ಹಾವೇರಿಯ ಪರೀಕ್ಷಾ ಕೇಂದ್ರಕ್ಕೆ ನನ್ನನ್ನು ತಾನೇ ಕರೆದುಕೊಂಡು ಹೋದ. ಬಸ್ಸಿನಲ್ಲಿ ಇಡೀ ದಾರಿ ಅವನು ನನಗೆ ಪ್ರಶ್ನೆ ಕೇಳುತ್ತಿದ್ದ, ನಾನು ಉತ್ತರ ಹೇಳುತ್ತಿದ್ದೆ, ಒಂದೊಂದಕ್ಕೆ ಅವನೇ ಉತ್ತರ ಹೇಳಿ ಬೇರೆ ಕಡೆ ನೋಡುತ್ತಿದ್ದ.

ಕೇಂದ್ರದ ಗೇಟಿನ ಮುಂದೆ ಜಾತ್ರೆಯ ಹಾಗೆ ಜನ. ಹದಿನೇಳು ಹದಿನೆಂಟರ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮಂದಿರು, ಹಣೆಗೆ ಹಚ್ಚಿದ ಅಂಗಾರ, ಕೊನೆ ಗಳಿಗೆಯ ಬುದ್ಧಿಮಾತು. ಮಕ್ಕಳ ಜೊತೆ ನಾನೂ ಒಳಗೆ ಹೊರಟೆ. ಗೇಟಿನಲ್ಲಿ ನಿಂತಿದ್ದ ಮೇಷ್ಟ್ರು ಅಡ್ಡ ಕೈ ಹಿಡಿದು, "ಪಾಲಕರು ಹೊರಗ ನಿಂದರ್ರಿ ಮೇಡಂ. ಮಕ್ಕಳನ್ನ ಅಷ್ಟ ಒಳಗ ಬಿಡ್ರಿ," ಎಂದರು. ನನ್ನ ಹಿಂದೆ ಇದ್ದ ತಮ್ಮನ ಕಡೆ ತಿರುಗಿ, "ನೀ ಬಾರಪಾ, ಹಾಲ್ ಟಿಕೆಟ್ ತಗಿ," ಎಂದರು. ತಮ್ಮನ ಮುಖ ಕೆಂಪಾಯಿತು. ನಾನೇ ಹಾಲ್ ಟಿಕೆಟ್ ಎತ್ತಿ ಹಿಡಿದು, "ನಂದ್ರಿ. ನಾನ ಬರಿಯಾಕಿ," ಎಂದೆ. ಸ್ವಲ್ಪ ಜೋರಾಗಿಯೇ ಅಂದೆ, ಸುತ್ತ ಇದ್ದವರು ತಿರುಗಿ ನೋಡಿದರು. ಮೇಷ್ಟ್ರು ಪಾಪ ಗಾಬರಿಯಾಗಿ ದಾರಿ ಬಿಟ್ಟರು.

ಒಳಗೆ ಹೋಗಿ ನನ್ನ ಬೆಂಚು ಹುಡುಕಿ ಕೂತು ಕಿಟಕಿಯಿಂದ ನೋಡಿದೆ. ಗೇಟಿನ ಆಚೆ, ಅಪ್ಪ ಅಮ್ಮಂದಿರ ನಡುವೆ, ನನಗಿಂತ ಚಿಕ್ಕವನಾದ ನನ್ನ ತಮ್ಮ ನೀರಿನ ಬಾಟಲಿ ಹಿಡಿದು ನಿಂತಿದ್ದ. ಪಕ್ಕದ ಬೆಂಚಿನ ಹುಡುಗಿ ಪೆನ್ಸಿಲ್ ಚೂಪು ಮಾಡುತ್ತಾ, "ಅಕ್ಕಾ, ಹೆದರಿಕಿ ಆಗಾಕತ್ತೈತಿ," ಎಂದಳು. "ಹೆದರಬ್ಯಾಡ, ನಿನಗೇನ ಆಗೇತಿ," ಎಂದೆ. ಗಂಟೆ ಬಾರಿಸಿದರು. ಪತ್ರಿಕೆ ತಿರುಗಿಸಿದೆ. ಮೊದಲನೇ ಪ್ರಶ್ನೆ ನನಗೆ ಬರುತ್ತಿತ್ತು. ಎರಡನೆಯದು, ಹದಿನೇಳರಲ್ಲಿದ್ದಾಗ ಬರುತ್ತಿತ್ತು.